ಕಿತ್ತ ಸೊಪ್ಪಿಗೂ ಉಸಿರುಂಟು

ಮಕ್ಕಳೇ, ಬೇಸಿಗೆಯ ಬೆಳಗ್ಗೆ ಆದೋನಿಯ ಸೊಪ್ಪಿನ ಅಂಗಡಿಗಳ ಮುಂದೆ ನಿಂತು ನೋಡಿದ್ದೀರಾ? ಪುಂಡಿಪಲ್ಯ, ಮೆಂತ್ಯ, ಪಾಲಕ್, ರಾಜಗಿರಿ, ಕೊತ್ತಂಬರಿ ಎಲ್ಲ ಒದ್ದೆ ಗೋಣಿಚೀಲದ ಮೇಲೆ ಸಾಲಾಗಿ ಕೂತಿರುತ್ತವೆ. ಅದೃಷ್ಟವಿದ್ದರೆ ಒಂದು ಬುಟ್ಟಿಯಲ್ಲಿ ಹುಣಸೆ ಚಿಗುರೂ ಇರುತ್ತದೆ. ಮಾರುವ ಅಕ್ಕ ಆಗಾಗ ಚೊಂಬಿನಿಂದ ನೀರು ಚಿಮುಕಿಸುತ್ತಾಳೆ. ಹತ್ತು ಗಂಟೆ ದಾಟಿ ಬಿಸಿಲೇರಿದಂತೆ ಕಟ್ಟುಗಳ ತುದಿ ಬಾಗುತ್ತದೆ, ಮಧ್ಯಾಹ್ನವಾದರೆ ಎಲೆ ಬಾಡಿ ಜೋತು ಬೀಳುತ್ತದೆ, ಕಟ್ಟಿನ ರೇಟೂ ಇಳಿಯುತ್ತದೆ. ಇಷ್ಟು ಎಲ್ಲರ ಕಣ್ಣಿಗೂ ಬೀಳುವ ಸಂಗತಿ. ಆದರೆ ಅದೇ ಹೊತ್ತಿನಲ್ಲಿ ಎಲೆಯ ಒಳಗೆ, ಕಣ್ಣಿಗೆ ಕಾಣದ ಹಾಗೆ, ಇನ್ನೊಂದು ಇಳಿಯುತ್ತಿರುತ್ತದೆ. ಅದು ಏನು, ಯಾಕೆ ಇಳಿಯುತ್ತದೆ, ತಡೆಯಲು ನಮ್ಮ ಕೈಯಲ್ಲಿ ಏನಿದೆ ಅನ್ನುವುದನ್ನು ಇವತ್ತು ನೋಡೋಣ.

ಮೊದಲು ಒಂದು ಪ್ರಶ್ನೆ. ಗಿಡದಿಂದ ಕಿತ್ತ ಸೊಪ್ಪು ಸತ್ತಿರುತ್ತದೆಯೋ, ಬದುಕಿರುತ್ತದೆಯೋ?

ಬಹಳ ಮಂದಿ ಸತ್ತಿರುತ್ತದೆ ಅನ್ನುತ್ತಾರೆ. ನೀವೇ ಪರೀಕ್ಷಿಸಿ. ಸೊಪ್ಪಿನ ದೊಡ್ಡ ರಾಶಿ ಬಂದು ಸ್ವಲ್ಪ ಹೊತ್ತಾದ ಮೇಲೆ, ಮಾರುವವರನ್ನು ಕೇಳಿ, ರಾಶಿಯ ನಟ್ಟನಡುವೆ ಕೈ ಇಟ್ಟು ನೋಡಿ. ಮೇಲಿನ ಎಲೆ ತಣ್ಣಗಿದ್ದರೂ ಒಳಗೆ ಬೆಚ್ಚಗಿರುತ್ತದೆ. ಮನೆಯಲ್ಲಿ ಒಂದು ಕಟ್ಟು ಪಾಲಕ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಬೆಳಗಾಗುವ ಹೊತ್ತಿಗೆ ಚೀಲದ ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿರುತ್ತದೆ. ಆ ಬಿಸಿಯೂ ಆ ಹನಿಯೂ ಬಂದದ್ದು ಎಲೆಯಿಂದಲೇ. ಕಿತ್ತ ಮೇಲೂ ಎಲೆಯ ಜೀವಕೋಶಗಳು ಉಸಿರಾಡುತ್ತವೆ. ನಮ್ಮ ಹಾಗೆಯೇ ಆಮ್ಲಜನಕ ಎಳೆದುಕೊಂಡು, ಸಕ್ಕರೆಯನ್ನು ಸುಟ್ಟು, ಶಕ್ತಿ ಪಡೆದು, ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಗೆ ಬಿಡುತ್ತವೆ. ಬೇರು ತಪ್ಪಿತೆಂದು ಅವು ಕೆಲಸ ನಿಲ್ಲಿಸುವುದಿಲ್ಲ.

ಆದರೆ ಬೇರು ತಪ್ಪಿದ ಮೇಲೆ ವರಮಾನ ನಿಂತಿತು. ನೆಲದಿಂದ ನೀರು ಬರುವುದಿಲ್ಲ. ನೀರು ಉಳಿಸಲು ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿದರೆ ದ್ಯುತಿಸಂಶ್ಲೇಷಣೆಗೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ, ಹೊಸ ಸಕ್ಕರೆ ತಯಾರಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹಿಂದೆ ನಮ್ಮ ಈ ಒಣಸೀಮೆಯ ಊರುಗಳಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆಗೆದು, ಇದ್ದ ಕಾಳಿನಲ್ಲೇ ಮನೆ ನಡೆಸಬೇಕಿತ್ತು. ಹೊಸ ಕಾಳು ಬರದು, ಇದ್ದದ್ದು ದಿನವೂ ಕರಗುವುದು. ಕಿತ್ತ ಎಲೆಯ ಸಂಸಾರವೂ ಹೀಗೆಯೇ. ಒಳಗೆ ಕೂಡಿಟ್ಟದ್ದನ್ನೇ ಖರ್ಚು ಮಾಡುತ್ತ ಅದು ಬದುಕುತ್ತದೆ.

ಹಾಗೆ ಖರ್ಚಾಗುವ ವಸ್ತುಗಳಲ್ಲಿ ನಮಗೆ ಬಹಳ ಬೇಕಾದದ್ದು ಆಂಟಿಆಕ್ಸಿಡೆಂಟ್‌ಗಳು. ಈ ಹೆಸರನ್ನು ಟಿ.ವಿ. ಜಾಹೀರಾತಿನಲ್ಲಿ ಕೇಳಿರುತ್ತೀರಿ. ಅರ್ಥ ಕಷ್ಟವೇನಲ್ಲ. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ ಅಲ್ಲವೇ? ಗಾಳಿಯ ಆಮ್ಲಜನಕ ಬದನೆಯೊಳಗಿನ ಕೆಲವು ವಸ್ತುಗಳ ಜೊತೆ ಕೂಡಿಕೊಂಡದ್ದರ ಗುರುತು ಅದು. ಈ ಕೂಡಿಕೆಗೆ ಆಕ್ಸಿಡೀಕರಣ ಎಂದು ಹೆಸರು. ಹೆಚ್ಚಿದ ಬದನೆಯನ್ನು ಅಜ್ಜಿ ನೀರಿಗೆ ಹಾಕುವುದು ಗಾಳಿ ತಾಗದಿರಲಿ ಎಂದೇ. ನಾಲ್ಕು ಹನಿ ನಿಂಬೆರಸ ಹಿಂಡಿದರೂ ಕಂದಾಗುವುದು ತಡವಾಗುತ್ತದೆ. ನಿಂಬೆಯ ಹುಳಿ ಒಂದು ಕಾರಣ. ಅದರ ವಿಟಮಿನ್ ಸಿ ಇನ್ನೊಂದು ಕಾರಣ. ವಿಟಮಿನ್ ಸಿ ತಾನೇ ಮುಂದೆ ಬಂದು ಆಮ್ಲಜನಕಕ್ಕೆ ಸಿಕ್ಕಿಕೊಂಡು, ಬೇರೆ ವಸ್ತು ಕೆಡದಂತೆ ನೋಡಿಕೊಳ್ಳುತ್ತದೆ. ಇಂಥ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೆಟ್ಟಿನ ಕಿತ್ತಳೆ ಬಣ್ಣದ ಕ್ಯಾರೋಟಿನ್, ಸೊಪ್ಪಿನ ಲ್ಯೂಟಿನ್, ಒಗರು ರುಚಿ ಕೊಡುವ ಫೀನಾಲ್‌ಗಳು ಎಲ್ಲವೂ ಈ ಗುಂಪಿನವು.

ಎಲೆ ಇವನ್ನೆಲ್ಲ ನಮಗಾಗಿ ಮಾಡಿಟ್ಟುಕೊಂಡಿದೆ ಎಂದು ತಿಳಿಯಬೇಡಿ. ಅದು ಮಾಡಿಕೊಂಡದ್ದು ತನಗಾಗಿ. ನಮ್ಮ ಕಡೆಯ ಬಿಸಿಲನ್ನು ನೆನೆಯಿರಿ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕೆಲವು ದಿನ 42 ಕೂಡ ಮೀರುತ್ತದೆ. ಅಂಥ ಬಿಸಿಲಿನಲ್ಲಿ ನಾವು ಮರದಡಿಗೆ ಓಡುತ್ತೇವೆ, ಆಡುಕುರಿಗಳು ಬೇವಿನ ನೆರಳು ಹುಡುಕುತ್ತವೆ. ರಾಜಗಿರಿ ಗಿಡ ಎಲ್ಲಿಗೆ ಹೋದೀತು? ಎಲೆಯ ಹಸಿರು ಕಣಗಳು ಬೆಳಕನ್ನು ಹೀರುತ್ತಲೇ ಇರುತ್ತವೆ. ಬಳಸಲು ಆಗದಷ್ಟು ಬೆಳಕು ಬಂದಾಗ ಆ ಹೆಚ್ಚಿನ ಶಕ್ತಿ ಆಮ್ಲಜನಕದ ಮೇಲೆ ಬೀಳುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್‌ನಂಥ, ಕೋಶಕ್ಕೆ ಪೆಟ್ಟು ಕೊಡುವ ವಸ್ತುಗಳು ಹುಟ್ಟುತ್ತವೆ. ಅವನ್ನು ಆ ಕ್ಷಣವೇ ಅಡಗಿಸದಿದ್ದರೆ ಎಲೆ ತಾನು ಹೀರಿದ ಬೆಳಕಿನಿಂದಲೇ ಬೆಂದುಹೋಗುತ್ತದೆ. ಅಡಗಿಸುವ ಕೆಲಸ ವಿಟಮಿನ್ ಸಿ ಮತ್ತು ಅದರ ಜೊತೆಗಾರರದ್ದು. ಅದಕ್ಕೇ ನೆರಳಿನಲ್ಲಿ ಬೆಳೆದ ಎಲೆಗಿಂತ ಒಳ್ಳೆಯ ಬೆಳಕಿನಲ್ಲಿ ಬೆಳೆದ ಎಲೆಯಲ್ಲಿ ಸಾಮಾನ್ಯವಾಗಿ ವಿಟಮಿನ್ ಸಿ ಹೆಚ್ಚು.

ಇಲ್ಲಿ ಪ್ರಾಣಿಗಳ ಮಾತೊಂದು ಬರಲೇಬೇಕು. ಆಡು, ಹಸು, ಎಮ್ಮೆ ತಮಗೆ ಬೇಕಾದ ವಿಟಮಿನ್ ಸಿ ಅನ್ನು ತಮ್ಮ ಪಿತ್ತಜನಕಾಂಗದಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಬೇಸಿಗೆ ಪೂರ್ತಿ ಒಣ ಜೋಳದ ಸೊಪ್ಪೆ ತಿಂದರೂ ಎತ್ತಿಗೆ ಅದರ ಕೊರತೆ ಬಾರದು. ಮನುಷ್ಯರಿಗೆ, ಮಂಗಗಳಿಗೆ ಆ ಶಕ್ತಿ ಇಲ್ಲ. ನಾವು ಅದನ್ನು ಎಲೆ, ಕಾಯಿ, ಹಣ್ಣಿನಿಂದಲೇ ಪಡೆಯಬೇಕು; ದೇಹದಲ್ಲಿ ಬಹುಕಾಲ ಕೂಡಿಡಲೂ ಆಗದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ನಮ್ಮ ದೇಶದ ಆಹಾರಗಳನ್ನು ಅಳೆದು ಕೋಷ್ಟಕಗಳನ್ನು ಮಾಡಿದೆ. ಬಹುಕಾಲ ಬಳಕೆಯಲ್ಲಿದ್ದ ಅದರ ಕೋಷ್ಟಕದ ಪ್ರಕಾರ 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 220 ಮಿಲಿಗ್ರಾಂ ವಿಟಮಿನ್ ಸಿ ಇದೆ, ರಾಜಗಿರಿಯಲ್ಲಿ 99, ಪಾಲಕ್‌ನಲ್ಲಿ 28. ಮನೆಯ ಹಿತ್ತಲಲ್ಲಿ ನೀರು ಕೇಳದೆ ನಿಲ್ಲುವ ನುಗ್ಗೆಮರ ಈ ಪಟ್ಟಿಯಲ್ಲಿ ಇಷ್ಟು ಮುಂದಿರುವುದು ನನಗಂತೂ ಬಹಳ ಸಂತೋಷದ ಸಂಗತಿ. ಆದರೆ ಈ ಅಂಕಿಗಳು ತಾಜಾ ಎಲೆಯವು. ಎಲೆ ಮುದಿಯಾಗುತ್ತ ಹೋದಂತೆ ಅಂಕಿಯೂ ಕರಗುತ್ತದೆ.

ಹೇಗೆ ಕರಗುತ್ತದೆ? ಎರಡು ಮೆಟ್ಟಿಲಲ್ಲಿ. ವಿಟಮಿನ್ ಸಿಯ ರಾಸಾಯನಿಕ ಹೆಸರು ಆಸ್ಕಾರ್ಬಿಕ್ ಆಮ್ಲ. ಅದು ಆಕ್ಸಿಡೀಕರಣಗೊಂಡಾಗ ಮೊದಲು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಇಲ್ಲಿಯವರೆಗೆ ನಷ್ಟವಿಲ್ಲ. ಗಿಡದಲ್ಲಿರುವ ಎಲೆ ಅದನ್ನು ಮತ್ತೆ ಆಸ್ಕಾರ್ಬಿಕ್ ಆಮ್ಲವಾಗಿ ತಿರುಗಿಸಿಕೊಳ್ಳುತ್ತದೆ; ನಮ್ಮ ದೇಹವೂ ಅದನ್ನು ಬಳಸಬಲ್ಲದು. ಆದರೆ ತಿರುಗಿಸಿಕೊಳ್ಳಲು ಶಕ್ತಿ ಬೇಕು. ಕಿತ್ತ ಎಲೆಯಲ್ಲಿ ಸಕ್ಕರೆ ಕಡಿಮೆಯಾದಂತೆ ಈ ತಿರುಗುವಿಕೆ ನಿಧಾನವಾಗುತ್ತದೆ. ಆಗ ಎರಡನೆಯ ಮೆಟ್ಟಿಲು: ಅದು ಡೈಕೀಟೋಗುಲೋನಿಕ್ ಆಮ್ಲ ಎಂಬ ಬೇರೆಯೇ ವಸ್ತುವಾಗುತ್ತದೆ. ಅಲ್ಲಿಂದ ಹಿಂದಕ್ಕೆ ಬರುವ ದಾರಿ ಇಲ್ಲ, ಅದು ವಿಟಮಿನ್ ಆಗಿ ಕೆಲಸ ಮಾಡುವುದೂ ಇಲ್ಲ. ಸಾಲದ್ದಕ್ಕೆ ಎಲೆಯಲ್ಲಿ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಎಲೆ ಗಟ್ಟಿಯಾಗಿದ್ದಷ್ಟು ಹೊತ್ತು ಅದು ತನ್ನ ಜಾಗದಲ್ಲಿ ಇರುತ್ತದೆ. ಎಲೆ ಜಜ್ಜಿದರೆ, ಹರಿದರೆ, ಕೋಶದ ಗೋಡೆ ಒಡೆದು ಕಿಣ್ವವೂ ವಿಟಮಿನ್ನೂ ಗಾಳಿಯೂ ಒಂದೇ ಕಡೆ ಸೇರಿ ಕರಗುವ ವೇಗ ಹೆಚ್ಚುತ್ತದೆ. ಸಂಜೆ ಮಾಡುವ ಪಲ್ಯಕ್ಕೆ ಬೆಳಗ್ಗೆಯೇ ಸೊಪ್ಪು ಹೆಚ್ಚಿಡಬಾರದು ಅನ್ನುವುದು ಇದೇ ಕಾರಣಕ್ಕೆ.

ಈಗ ನಮ್ಮೂರ ಸೆಕೆಯ ಪಾತ್ರ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕಿತ್ತ ಸೊಪ್ಪಿನ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಕಡಿಮೆಯ ಲೆಕ್ಕವನ್ನೇ ಹಿಡಿಯೋಣ, ಎರಡು ಪಟ್ಟು ಅನ್ನೋಣ. ಫ್ರಿಜ್ಜಿನೊಳಗೆ 5 ಡಿಗ್ರಿ, ಹೊರಗೆ ನೆರಳಲ್ಲೇ 35 ಡಿಗ್ರಿ. ನಡುವೆ ಮೂವತ್ತು ಡಿಗ್ರಿ, ಅಂದರೆ ಮೂರು ಹತ್ತುಗಳು. ಎರಡು, ನಾಲ್ಕು, ಎಂಟು! ಒಂದೇ ಸೊಪ್ಪು ಹೊರಗಿದ್ದರೆ ಎಂಟು ಪಟ್ಟು ಬೇಗ ಉಸಿರಾಡುತ್ತದೆ, ಎಂಟು ಪಟ್ಟು ಬೇಗ ತನ್ನ ದಾಸ್ತಾನು ಖಾಲಿ ಮಾಡಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ತಂದ ಮೆಂತ್ಯ ಮರುದಿನಕ್ಕೂ ನೆಟ್ಟಗೆ ನಿಲ್ಲುವುದು, ಮೇ ತಿಂಗಳ ಮೆಂತ್ಯ ಮಧ್ಯಾಹ್ನಕ್ಕೇ ಸೋತು ಬೀಳುವುದು ಯಾಕೆಂದು ಈ ಸಣ್ಣ ಗುಣಾಕಾರದಲ್ಲೇ ಅರ್ಥವಾಗುತ್ತದೆ.

ಬಾಡುವುದೂ ಒಂದು ಕಾರಣ, ಬರೀ ಲಕ್ಷಣವಲ್ಲ. ಅಮೆರಿಕದ ಎಜೆಲ್ ಮತ್ತು ವಿಲ್ಕಾಕ್ಸ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಲೆಕೋಸಿನ ಜಾತಿಯ ಸೊಪ್ಪುಗಳನ್ನು ಬಾಡಲು ಬಿಟ್ಟು, ಬಾಡದಂತೆಯೂ ಇಟ್ಟು, ಬೇರೆ ಬೇರೆ ಉಷ್ಣತೆಯಲ್ಲಿ ವಿಟಮಿನ್ ಸಿ ಅಳೆದರು. ಬಾಡಿದ ಸೊಪ್ಪು ಬೇಗ ವಿಟಮಿನ್ ಕಳೆದುಕೊಳ್ಳುತ್ತಿತ್ತು. ಹಾಗಾದರೆ ಆ ಅಕ್ಕ ಚೊಂಬಿನಿಂದ ಚಿಮುಕಿಸುವ ನೀರು ಸೊಪ್ಪಿಗೆ ಚೆಲುವು ಕೊಡಲು ಮಾತ್ರ ಅಲ್ಲ. ನೀರು ಆರುವಾಗ ಎಲೆಯ ಶಾಖವನ್ನು ಹೊತ್ತೊಯ್ಯುತ್ತದೆ, ಸುತ್ತಲಿನ ಗಾಳಿಯನ್ನು ತೇವವಾಗಿಟ್ಟು ಎಲೆ ಒಣಗದಂತೆ ತಡೆಯುತ್ತದೆ. ಶಾಲೆಯಲ್ಲಿ ವಿಜ್ಞಾನ ಓದದ ಕೈ ದಿನವೂ ಮಾಡುವ ಈ ಕೆಲಸದಲ್ಲಿ ಪಕ್ಕಾ ವಿಜ್ಞಾನವಿದೆ. ಒಂದೇ ಎಚ್ಚರ: ಕಟ್ಟಿನೊಳಗೆ ನೀರು ನಿಲ್ಲುವಷ್ಟು ಸುರಿದರೆ ಕೊಳೆ ಹತ್ತುತ್ತದೆ.

ಫ್ರಿಜ್ಜಿದ್ದರೆ ಚಿಂತೆಯೇ ಇಲ್ಲ ಎಂದುಕೊಂಡಿರಾ? ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಹಳೆಯ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 4 ಡಿಗ್ರಿಯ ತಂಪಿನಲ್ಲಿ ಏಳು ದಿನ ಇಟ್ಟಾಗ ಹಸಿ ಬಟಾಣಿ ಕಳೆದುಕೊಂಡ ವಿಟಮಿನ್ ಸಿ ಶೇ. 15. ಹಸಿರು ಬೀನ್ಸ್ ಕಳೆದುಕೊಂಡದ್ದು ಶೇ. 77! ಬೀನ್ಸ್ ವಾರದ ಕೊನೆಗೂ ಹಸಿರಾಗಿಯೇ ಕಾಣುತ್ತದೆ ನೋಡಿ. ಹಸಿರಿದೆ ಎಂದ ಮಾತ್ರಕ್ಕೆ ಒಳಗಿನದೆಲ್ಲ ಇದೆ ಎಂದಲ್ಲ. ತಂಪು ವೇಗವನ್ನು ಇಳಿಸುತ್ತದೆ, ನಿಲ್ಲಿಸುವುದಿಲ್ಲ.

ಹಾಗೆಯೇ ಹಳದಿಯಾದ ಎಲೆಯಲ್ಲಿ ಏನೂ ಉಳಿದಿಲ್ಲ ಎಂದೂ ಅಲ್ಲ. ಮುದಿಯಾಗುವ ಎಲೆ ತನ್ನ ಹಸಿರು ಬಣ್ಣವಾದ ಪತ್ರಹರಿತ್ತನ್ನು ಒಡೆದು ಹಾಕುತ್ತದೆ. ಆಗ ಅದರ ಹಿಂದೆ ಮೊದಲಿಂದಲೂ ಇದ್ದ ಹಳದಿ ಬಣ್ಣಗಳು, ಅಂದರೆ ಲ್ಯೂಟಿನ್ ಮತ್ತು ಕ್ಯಾರೋಟಿನ್ ಬಳಗ, ಕಣ್ಣಿಗೆ ಬೀಳುತ್ತವೆ. ಇವು ವಿಟಮಿನ್ ಸಿಯಷ್ಟು ಬೇಗ ಕರಗುವವಲ್ಲ. ಮಾವು, ಬಾಳೆ ಹಣ್ಣಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ; ಅದು ತಾಗಿದರೆ ಸೊಪ್ಪು ಬೇಗ ಹಳದಿಯಾಗುತ್ತದೆ. ಮಾವಿನಹಣ್ಣಿನ ಬುಟ್ಟಿಯ ಪಕ್ಕ ಕೊತ್ತಂಬರಿ ಇಡಬೇಡಿ ಎಂದು ಮನೆಯಲ್ಲಿ ಹೇಳಿ.

ಕಿತ್ತ ಮೇಲೆ ಎಲ್ಲವೂ ಇಳಿಯುವುದೇ ಅನ್ನುವುದಾದರೆ ಈ ವಿಷಯ ಅಷ್ಟೇನೂ ಸ್ವಾರಸ್ಯದ್ದಲ್ಲ. ಕೆಲವು ಏರುತ್ತವೆ! ಕ್ಯಾರೆಟ್, ಲೆಟ್ಯೂಸ್ ಮುಂತಾದವನ್ನು ಕತ್ತರಿಸಿದಾಗ ಗಾಯವಾದ ಕೋಶಗಳು ತಮ್ಮನ್ನು ಉಳಿಸಿಕೊಳ್ಳಲು ಹೊಸದಾಗಿ ಫೀನಾಲ್‌ಗಳನ್ನು ತಯಾರಿಸುತ್ತವೆ. ಒಂದು ಕಡೆ ವಿಟಮಿನ್ ಸಿ ಇಳಿಯುತ್ತಿರುವಾಗಲೇ ಇನ್ನೊಂದು ಕಡೆ ಬೇರೆ ಆಂಟಿಆಕ್ಸಿಡೆಂಟ್ ಏರುತ್ತಿರಬಹುದು. ಬೆಳಕಿನ ಕಥೆಯೂ ಹೀಗೆಯೇ ಅಚ್ಚರಿಯದು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2010ರಲ್ಲಿ ಪಾಲಕ್ ಎಲೆಗಳನ್ನು ಅಂಗಡಿಯ ತಂಪು ಕಪಾಟಿನಂಥ ಜಾಗದಲ್ಲಿ, ಕೆಲವನ್ನು ದೀಪದ ಬೆಳಕಿನಲ್ಲಿ, ಕೆಲವನ್ನು ಕತ್ತಲಲ್ಲಿ ಇಟ್ಟರು. ಬೆಳಕಿನಲ್ಲಿದ್ದ ಎಲೆಗಳಲ್ಲಿ ವಿಟಮಿನ್ ಸಿ ಸೇರಿ ಹಲವು ಪೋಷಕಾಂಶಗಳು ಕತ್ತಲಿನ ಎಲೆಗಳಿಗಿಂತ ಹೆಚ್ಚಿದ್ದವು. ಕಿತ್ತ ಎಲೆಯೂ ದೀಪದಡಿ ಒಂದಿಷ್ಟು ದ್ಯುತಿಸಂಶ್ಲೇಷಣೆ ನಡೆಸಿತ್ತು. ಇದನ್ನು ಓದಿ ಸೊಪ್ಪನ್ನು ಅಂಗಳದ ಬಿಸಿಲಿಗೆ ಇಟ್ಟೀರಿ ಮತ್ತೆ! ಅಲ್ಲಿದ್ದದ್ದು 4 ಡಿಗ್ರಿಯ ತಂಪು ಬೆಳಕು; ನಮ್ಮ ಬಿಸಿಲಲ್ಲಿ ಶಾಖವೇ ಮೊದಲು ಎಲೆಯನ್ನು ಮುಗಿಸುತ್ತದೆ.

ಎಲೆಕೋಸಿನ ಪ್ರಯೋಗ ಇನ್ನೂ ಚೆಂದ. ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ರಾಮ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅಂಗಡಿಯಿಂದ ಎಲೆಕೋಸು ತಂದು, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಕೊಟ್ಟು ಕೆಲವು ದಿನ ಇಟ್ಟರು. 2013ರಲ್ಲಿ ಅವರು ಪ್ರಕಟಿಸಿದ್ದು ಇದು: ಗಿಡದಿಂದ ಬೇರ್ಪಟ್ಟ ಆ ಕೋಸುಗಳು ಹೊತ್ತು ಮರೆತಿರಲಿಲ್ಲ. ಹುಳುಗಳನ್ನು ದೂರ ಇಡುವ ಗ್ಲೂಕೋಸಿನೊಲೇಟ್ ಎಂಬ ರಾಸಾಯನಿಕ ಕೋಸಿನಲ್ಲಿ ದಿನದ ಒಂದು ಹೊತ್ತಿಗೆ ಏರುತ್ತಿತ್ತು, ಇನ್ನೊಂದು ಹೊತ್ತಿಗೆ ಇಳಿಯುತ್ತಿತ್ತು. ಹುಳು ತಿನ್ನುವ ಹೊತ್ತಿಗೂ ಕೋಸಿನ ಹೊತ್ತಿಗೂ ತಾಳೆಯಾದಾಗ ಹುಳುಗಳು ಕಡಿಮೆ ತಿಂದವು. ಸಂತೆಯಲ್ಲಿ ಗುಡ್ಡೆ ಹಾಕಿದ ಕೋಸುಗಳ ಮುಂದೆ ನಡೆಯುವಾಗ ಇದನ್ನು ನೆನೆಸಿಕೊಳ್ಳಿ. ಅವಕ್ಕೂ ಹಗಲು ಯಾವುದು, ರಾತ್ರಿ ಯಾವುದು ಎಂಬ ತಿಳಿವಳಿಕೆ ಉಂಟು.

ನಮ್ಮ ಸೀಮೆಯ ಹೆಸರಾಂತ ಬೆಳೆಯನ್ನು ಬಿಟ್ಟರೆ ಮಾತು ಪೂರ್ತಿಯಾಗದು. ಪತ್ತಿಕೊಂಡದ ಟೊಮೇಟೊ ಮಾರ್ಕೆಟ್ಟನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಟೊಮೇಟೊ ಎಳೆಯದಾಗಿರುವಾಗ ಹಸಿರು, ಅದರಲ್ಲೂ ಪತ್ರಹರಿತ್ತು ಇದೆ. ಬಲಿತ ಕಾಯಿಯನ್ನು ಕಿತ್ತರೆ ಪೆಟ್ಟಿಗೆಯಲ್ಲೇ ಹಣ್ಣಾಗುತ್ತದೆ. ಆಗ ಹಸಿರು ಕರಗಿ ಲೈಕೋಪೀನ್ ಎಂಬ ಕೆಂಪು ಆಂಟಿಆಕ್ಸಿಡೆಂಟ್ ಹೊಸದಾಗಿ ತಯಾರಾಗುತ್ತದೆ. ಸೊಪ್ಪು ಕಿತ್ತ ಮೇಲೆ ಕಳೆದುಕೊಳ್ಳುತ್ತ ಹೋದರೆ ಟೊಮೇಟೊ ಕಿತ್ತ ಮೇಲೂ ಒಂದನ್ನು ಗಳಿಸುತ್ತದೆ. ಇಲ್ಲೂ ಸೆಕೆ ಅಡ್ಡ ಬರುತ್ತದೆ. ಉಷ್ಣತೆ 30 ಡಿಗ್ರಿ ದಾಟಿ ಮೇಲೇರಿದರೆ ಲೈಕೋಪೀನ್ ತಯಾರಿಕೆ ಕುಗ್ಗುತ್ತದೆ, ಹಳದಿ ಕ್ಯಾರೋಟಿನ್ ಮಾತ್ರ ತಯಾರಾಗುತ್ತಿರುತ್ತದೆ. ಕಡುಬೇಸಿಗೆಯ ಟೊಮೇಟೊ ಎಷ್ಟು ದಿನ ಇಟ್ಟರೂ ಕೆಂಪಾಗದೆ ಕಿತ್ತಳೆ ಬಣ್ಣಕ್ಕೇ ನಿಲ್ಲುವುದನ್ನು ಕಂಡಿದ್ದರೆ, ಕಾರಣ ಇದು. ರೇಟು ನೆಲಕಚ್ಚಿದ ವರ್ಷ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಹೊಟ್ಟೆ ಉರಿಯುವ ನೋಟ ಅದು. ಕಿತ್ತ ಹಣ್ಣಿನ ಆಯುಷ್ಯ ಒಂದು ವಾರ ಹೆಚ್ಚಿದರೂ ಎಷ್ಟೋ ಮನೆಗಳ ನಷ್ಟ ತಪ್ಪುತ್ತದೆ.

ಮೆಣಸಿನಕಾಯಿಯದೂ ಒಂದು ಕಥೆ ಇದೆ, ಸಣ್ಣದು. ಹಂಗೇರಿ ದೇಶದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿಗೆ ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ಬೇಕಿತ್ತು, ಎಲ್ಲೂ ಸಾಕಷ್ಟು ಸಿಗುತ್ತಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಬಡಿಸಿದ ಹಸಿ ಮೆಣಸಿನಕಾಯಿ ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕಾಯಿ ತುಂಬ ವಿಟಮಿನ್ ಸಿ! ಅವರಿದ್ದ ಸೆಗೆಡ್ ಊರು ಮೆಣಸಿನಕಾಯಿಗೇ ಹೆಸರುವಾಸಿ. ಮುಂದೆ 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹಸಿ ಕಾಯಲ್ಲಿ ತುಂಬಿರುವ ಈ ವಿಟಮಿನ್‌ನ ಬಹುಭಾಗ ಕಣದಲ್ಲಿ ಹರವಿ ಒಣಗಿಸುವಾಗ ಹೋಗುತ್ತದೆ. ಕೆಂಪು ಬಣ್ಣದ ಕ್ಯಾರೋಟಿನ್ ಬಳಗ ಉಳಿಯುತ್ತದೆ. ನುಗ್ಗೆಸೊಪ್ಪಿನ ಪುಡಿ ಮಾಡುವವರು ಬಿಸಿಲಿಗಿಂತ ನೆರಳಲ್ಲಿ ಒಣಗಿಸಿದರೆ ಕ್ಯಾರೋಟಿನ್ ಹೆಚ್ಚು ಉಳಿಯುತ್ತದೆ.

ಹಾಗಾದರೆ ಫ್ರಿಜ್ಜಿಲ್ಲದ ಮನೆಯಲ್ಲಿ, ಕರೆಂಟು ಹೋಗಿ ಬರುವ ಊರಲ್ಲಿ ಏನು ಮಾಡುವುದು? ನಮ್ಮ ಒಣ ಹವೆಯೇ ಇಲ್ಲಿ ಕೈ ಹಿಡಿಯುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಕೆ. ರಾಯ್ ಮತ್ತು ಡಿ. ಎಸ್. ಖುರ್ಡಿಯಾ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ಕರೆಂಟು ಬೇಡದ ತಂಪು ಕೋಣೆಯೊಂದನ್ನು ರೂಪಿಸಿದರು. ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು, ಸಂದಿಗೆ ಮರಳು. ಮರಳಿಗೆ ದಿನಕ್ಕೆ ಎರಡು ಸಲ ನೀರು. ನೀರು ಆರುತ್ತ ಶಾಖ ಹೀರುತ್ತದೆ, ಒಳಗೆ ತಂಪೂ ತೇವವೂ ನಿಲ್ಲುತ್ತದೆ. ಕಡುಬೇಸಿಗೆಯಲ್ಲಿ ಹೊರಗಿಗಿಂತ ಹತ್ತು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಂಪು ಸಿಗುತ್ತದೆ. ಕಡಲತೀರದ ಊರುಗಳ ಗಾಳಿ ಮೊದಲೇ ತೇವವಾಗಿರುವುದರಿಂದ ಅಲ್ಲಿ ಇದು ಇಷ್ಟು ಚೆನ್ನಾಗಿ ಕೆಲಸ ಮಾಡದು. ಆದೋನಿ, ಆಲೂರು, ಕೋಸಿಗಿಯ ಒಣ ಗಾಳಿಗೆ ಹೇಳಿ ಮಾಡಿಸಿದ ಉಪಾಯ.

ನೈಜೀರಿಯಾ ದೇಶದ ಮೊಹಮ್ಮದ್ ಬಾ ಅಬ್ಬಾ ಎಂಬ ಮೇಷ್ಟ್ರು ಇದೇ ಉಪಾಯವನ್ನು ಇನ್ನೂ ಸರಳವಾಗಿ ಬಳಸಿದರು. ಅವರು ಕುಂಬಾರರ ಮನೆತನದವರು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ, ಇಷ್ಟೇ. ಎರಡು ಮೂರು ದಿನಕ್ಕೆ ಕೆಡುತ್ತಿದ್ದ ಬದನೆಕಾಯಿ 27 ದಿನ ಉಳಿಯಿತು. ಒಂದೇ ದಿನಕ್ಕೆ ಹಾಳಾಗುತ್ತಿದ್ದ ಅಲ್ಲಿನ ಸೊಪ್ಪು 12 ದಿನದವರೆಗೂ ತಿನ್ನುವಂತಿತ್ತು. ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಮ್ಮಲ್ಲಿ ಕುಂಬಾರರೂ ಇದ್ದಾರೆ, ತುಂಗಭದ್ರೆಯ ಮರಳೂ ಇದೆ, ನೀರನ್ನು ಆರಿಸಲು ಕಾದಿರುವ ಗಾಳಿಯೂ ಇದೆ. ನೀರು ಮಾತ್ರ ತುಟ್ಟಿ. ಅದಕ್ಕೇ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವ ಹಾಗೆ, ಸೊಪ್ಪು ತೊಳೆದ ನೀರನ್ನು ಸೋಸಿ ಮರಳಿಗೆ ಹಾಕಬಹುದು. ಮಡಕೆಯನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಇಡಬೇಕು. ಮುಚ್ಚಿದ ಕೋಣೆಯಲ್ಲಿಟ್ಟರೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಮಡಕೆಗೆ ಬಣ್ಣ ಬಳಿದಿರಬಾರದು.

ಮಡಕೆ ನಿಜವಾಗಿಯೂ ವಿಟಮಿನ್ ಸಿ ಉಳಿಸುತ್ತದೆಯೇ ಎಂದು ನೀವೇ ಅಳೆಯಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ, ಸ್ವಲ್ಪ ಅಕ್ಕಿ ಗಂಜಿಯ ತಿಳಿ, ನಿಂಬೆಹಣ್ಣು, ಒಂದು ಡ್ರಾಪರ್ ಇಷ್ಟು ಸಾಕು. ಮೇಷ್ಟ್ರನ್ನೋ ಮನೆಯ ದೊಡ್ಡವರನ್ನೋ ಜೊತೆಗಿಟ್ಟುಕೊಳ್ಳಿ. ಅಯೋಡಿನ್ ಬಟ್ಟೆಗೆ ಕಲೆ ಮಾಡುತ್ತದೆ, ಬಾಯಿಗಂತೂ ತಾಗಿಸಲೇಬಾರದು, ಪ್ರಯೋಗಕ್ಕೆ ಬಳಸಿದ ಲೋಟ ಅಡುಗೆಮನೆಗೆ ಮರಳಬಾರದು. ಅರ್ಧ ಲೋಟ ನೀರಿಗೆ ಒಂದೆರಡು ಹನಿ ಅಯೋಡಿನ್, ಒಂದು ಚಮಚ ಗಂಜಿ ಹಾಕಿ. ಕಡುನೀಲಿ ಬಣ್ಣ ಬರುತ್ತದೆ. ಈಗ ನಿಂಬೆರಸವನ್ನು ಹನಿ ಹನಿಯಾಗಿ ಬಿಡುತ್ತ ಎಣಿಸಿ. ಯಾವುದೋ ಒಂದು ಹನಿಗೆ ನೀಲಿ ಥಟ್ಟನೆ ಮಾಯವಾಗುತ್ತದೆ! ವಿಟಮಿನ್ ಸಿ ಅಯೋಡಿನ್ ಅನ್ನು ಬದಲಾಯಿಸಿಬಿಡುತ್ತದೆ. ಬದಲಾದ ಅಯೋಡಿನ್ ಗಂಜಿಯ ಜೊತೆ ಸೇರಿ ನೀಲಿ ಕೊಡಲಾರದು. ಬೇರೆ ಕೆಲವು ಆಂಟಿಆಕ್ಸಿಡೆಂಟ್‌ಗಳೂ ಇದೇ ಕೆಲಸ ಸ್ವಲ್ಪ ಮಟ್ಟಿಗೆ ಮಾಡುತ್ತವೆ, ಹಾಗಾಗಿ ಇದು ಸರಿಸುಮಾರು ಅಳತೆ ಎಂದು ತಿಳಿಯಿರಿ. ಬಣ್ಣ ಹೋಗಲು ಹೆಚ್ಚು ಹನಿ ಬೇಕಾದರೆ ರಸದಲ್ಲಿ ವಿಟಮಿನ್ ಕಡಿಮೆ, ಕಡಿಮೆ ಹನಿ ಸಾಕಾದರೆ ಹೆಚ್ಚು.

ಸೊಪ್ಪಿನಲ್ಲಿ ಮಾಡುವಾಗ ಒಂದು ಮೋಸದ ಜಾಗ ಇದೆ. ಮೂರು ದಿನ ಇಟ್ಟ ಸೊಪ್ಪು ನೀರು ಕಳೆದುಕೊಂಡು ಹಗುರವಾಗಿರುತ್ತದೆ. ಆ ದಿನ 20 ಗ್ರಾಂ ತೂಗಿದರೆ ಮೊದಲ ದಿನಕ್ಕಿಂತ ಹೆಚ್ಚು ಎಲೆ ಬಂದುಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಆದ್ದರಿಂದ ತಂದ ದಿನವೇ, ತಾಜಾ ಇರುವಾಗಲೇ, ಒಂದೇ ಕಟ್ಟಿನ ರಾಜಗಿರಿಯನ್ನು ಸಮತೂಕದ ಮೂರು ಪಾಲು ಮಾಡಿ. ಒಂದು ಪಾಲನ್ನು ಕೂಡಲೇ ಪರೀಕ್ಷಿಸಿ. ಇನ್ನೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಹಾಗೇ ಬಿಡಿ. ಮೂರನೆಯದು ಮಡಕೆಗೆ. ಎರಡು ದಿನದ ಮೇಲೆ ಉಳಿದ ಎರಡೂ ಪಾಲನ್ನು ಪರೀಕ್ಷಿಸಿ. ಪ್ರತಿ ಪಾಲನ್ನೂ ಅಷ್ಟೇ ಚಮಚ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಸೋಸಿ, ತಡಮಾಡದೆ ಹನಿ ಎಣಿಸಬೇಕು. ಅರೆದಾಗ ಆಸ್ಕಾರ್ಬೇಟ್ ಆಕ್ಸಿಡೇಸ್ ಕಿಣ್ವ ಕೆಲಸ ಶುರು ಮಾಡಿರುತ್ತದೆ ಎಂಬುದು ನೆನಪಿರಲಿ. ರಸದ ಹಸಿರು ಬಣ್ಣ ಕಣ್ಣಿಗೆ ಅಡ್ಡ ಬಂದರೆ, ಅಯೋಡಿನ್ ಹಾಕದ ನೀರಿಗೆ ಅಷ್ಟೇ ಹನಿ ರಸ ಬಿಟ್ಟ ಇನ್ನೊಂದು ಲೋಟವನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ. ನೋಟ್‌ಬುಕ್ಕಿನಲ್ಲಿ ತಾರೀಖು, ಆ ದಿನದ ಉಷ್ಣತೆ, ಹನಿಗಳ ಸಂಖ್ಯೆ ಬರೆದಿಡಿ. ಏಪ್ರಿಲ್‌ನಲ್ಲಿ ಒಮ್ಮೆ ಮಾಡಿದವರು ಡಿಸೆಂಬರಿನಲ್ಲಿ ಇನ್ನೊಮ್ಮೆ ಮಾಡಿ. ಪುಂಡಿಪಲ್ಯಕ್ಕೂ ರಾಜಗಿರಿಗೂ ಬೇರೆ ಬೇರೆ ಪುಟ ಇರಲಿ. ಪುಂಡಿಯ ಎಲೆ ಹುಳಿ. ಹುಳಿ ಇರುವಲ್ಲಿ ವಿಟಮಿನ್ ಸಿ ಸಾಮಾನ್ಯವಾಗಿ ನಿಧಾನವಾಗಿ ಕರಗುತ್ತದೆ. ಹಾಗಿದ್ದರೆ ಎರಡು ದಿನದ ಮೇಲೆ ಪುಂಡಿಯ ಲೋಟದಲ್ಲಿ ಹನಿಗಳ ಸಂಖ್ಯೆ ರಾಜಗಿರಿಯಷ್ಟೇ ಏರುತ್ತದೆಯೇ, ಕಡಿಮೆ ಏರುತ್ತದೆಯೇ? ಪ್ರಯೋಗಕ್ಕೆ ಮೊದಲೇ ನಿಮ್ಮ ಊಹೆಯನ್ನು ಪುಟದ ಮೇಲ್ಭಾಗದಲ್ಲಿ ಬರೆದು, ಆಮೇಲೆ ಎಣಿಸಲು ಶುರು ಮಾಡಿ.